ಭಾರತದ ಅತ್ಯುತ್ತಮ ಕ್ರಿಕೆಟ್ ನಾಯಕ ಯಾರು? ಕಪ್ ಎಣಿಸಬೇಡಿ, ನಿರ್ಧಾರ ಹೇಳಿ

ಅಂಪೈರ್ ಮಾಸ್ತರ, ರಾಯಚೂರು

ಬೇಸಿಗೆ ಟೂರ್ನಿ ಶುರುವಾದರೆ ಸಾಕು, ನಮ್ಮ ಹುಡುಗರ ನಡುವೆ ಈ ವಾದ ಏಳುತ್ತದೆ. ಭಾರತ ಕಂಡ ಅತ್ಯುತ್ತಮ ನಾಯಕ ಯಾರು? ಒಬ್ಬ ಮೂರು ಕಪ್ ಎನ್ನುತ್ತಾನೆ, ಇನ್ನೊಬ್ಬ ನಲವತ್ತು ಟೆಸ್ಟ್ ಗೆಲುವು ಎನ್ನುತ್ತಾನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಕಪ್ ಗೆಲ್ಲುವುದು ಹನ್ನೊಂದು ಜನ. ಚೆಂಡನ್ನು ಯಾರ ಕೈಗೆ ಕೊಡಬೇಕು, ಯಾವಾಗ ಡಿಕ್ಲೇರ್ ಮಾಡಿ ಇನ್ನಿಂಗ್ಸ್ ಮುಗಿಸಬೇಕು, ಟಾಸ್ ಗೆದ್ದರೆ ಏನು ಆರಿಸಬೇಕು ಎಂಬುದು ಮಾತ್ರ ನಾಯಕನ ಪಾಲಿನದು. ಅದನ್ನು ಬಿಟ್ಟು ಉಳಿದೆಲ್ಲವನ್ನೂ ತೂಗುವುದು ನನಗೆ ಸರಿ ಕಾಣುವುದಿಲ್ಲ.

ಆದ್ದರಿಂದ ಇಲ್ಲಿ ಒಂದು ಷರತ್ತು. ನೀವು ಯಾರ ಹೆಸರನ್ನೇ ಹೇಳಿ, ಬೇರೆ ನಾಯಕನಾಗಿದ್ದರೆ ತೆಗೆದುಕೊಳ್ಳುತ್ತಿರಲಿಲ್ಲ ಎನ್ನಬಹುದಾದ ಅವರ ಒಂದು ನಿರ್ಧಾರವನ್ನೂ ಹೇಳಬೇಕು.

ನನ್ನ ಆಯ್ಕೆ ಅಜಿತ್ ವಾಡೇಕರ್. 1971ರ ವೆಸ್ಟ್ ಇಂಡೀಸ್ ಪ್ರವಾಸದ ಮೊದಲ ಟೆಸ್ಟ್, ಕಿಂಗ್‌ಸ್ಟನ್. ಮೊದಲ ದಿನ ಪೂರ್ತಿ ಮಳೆಗೆ ಹೋಯಿತು. 75 ರನ್ನಿಗೆ 5 ವಿಕೆಟ್ ಕಳೆದುಕೊಂಡಿದ್ದ ಭಾರತವನ್ನು ದಿಲೀಪ್ ಸರ್ದೇಸಾಯಿ 212 ರನ್ ಹೊಡೆದು 387ಕ್ಕೆ ಮುಟ್ಟಿಸಿದರು. ವೆಸ್ಟ್ ಇಂಡೀಸ್ 217ಕ್ಕೆ ಮುಗಿಯಿತು. ಮುನ್ನಡೆ 170. ಐದು ದಿನಗಳ ಪಂದ್ಯದಲ್ಲಿ ಫಾಲೋ ಆನ್ ಹೇರಲು, ಅಂದರೆ ಎದುರಾಳಿಯನ್ನು ತಕ್ಷಣವೇ ಮತ್ತೆ ಬ್ಯಾಟಿಂಗಿಗೆ ಇಳಿಸಲು, 200 ರನ್ ಮುನ್ನಡೆ ಬೇಕು. ಆದರೆ ಒಂದು ದಿನ ಹೋಗಿದ್ದರಿಂದ ನಿಯಮದ ಪ್ರಕಾರ ಅದು ನಾಲ್ಕು ದಿನಗಳ ಪಂದ್ಯ, 150 ಸಾಕು. ವಾಡೇಕರ್ ಎದುರಾಳಿಗಳ ಕೋಣೆಗೆ ಹೋಗಿ, ಮತ್ತೆ ಬ್ಯಾಟ್ ಮಾಡಿ ಎಂದು ಅವರ ನಾಯಕ ಗ್ಯಾರಿ ಸೋಬರ್ಸ್ ಅವರಿಗೆ ಹೇಳಿ ಬಂದರು. ಪಂದ್ಯ ಡ್ರಾ ಆಯಿತು, ನಿಜ. ಆದರೆ ಅಲ್ಲಿಯವರೆಗೆ ವೆಸ್ಟ್ ಇಂಡೀಸ್ ವಿರುದ್ಧ ಒಂದೂ ಟೆಸ್ಟ್ ಗೆಲ್ಲದ ತಂಡದ ಹೊಸ ನಾಯಕ ಮೊದಲ ಪಂದ್ಯದಲ್ಲೇ ಸೋಬರ್ಸ್ ಮೇಲೆ ಫಾಲೋ ಆನ್ ಹೇರಿದರು.

ಎರಡನೇ ಟೆಸ್ಟ್ ಪೋರ್ಟ್ ಆಫ್ ಸ್ಪೇನ್‌ನಲ್ಲಿ. ಬೇಡಿ, ಪ್ರಸನ್ನ, ವೆಂಕಟರಾಘವನ್ ಮೂವರು ಸ್ಪಿನ್ನರುಗಳೂ ತಂಡದಲ್ಲಿದ್ದಾಗ ವಾಡೇಕರ್ ಚೆಂಡನ್ನು ಸಲೀಂ ದುರಾನಿಗೆ ಕೊಟ್ಟರು. ದುರಾನಿ ಸೋಬರ್ಸ್ ಅವರನ್ನು ಸೊನ್ನೆಗೆ ಬೌಲ್ಡ್ ಮಾಡಿದರು, ಕ್ಲೈವ್ ಲಾಯ್ಡ್ ಅವರನ್ನೂ ಕಿತ್ತರು. ಲಾಯ್ಡ್ ಕ್ಯಾಚ್ ಹಿಡಿದವರು ವಾಡೇಕರ್ ಅವರೇ. ಪಂದ್ಯ ನಮ್ಮದಾಯಿತು, ಸರಣಿಯೂ 1-0 ಅಂತರದಲ್ಲಿ ನಮ್ಮದಾಯಿತು. ಈ ತೂಕದ ನಿರ್ಧಾರ ಬೇರೆ ಯಾರದಿದೆ, ಹೇಳಿ.

ಕೋಟೆಬೆಟ್ಟ, ಬಳ್ಳಾರಿ

ಮಾಸ್ತರರೇ, ನಿಮ್ಮ ಷರತ್ತಿನಲ್ಲೇ ಧೋನಿ ಗೆಲ್ಲುತ್ತಾರೆ.

2013ರ ಚಾಂಪಿಯನ್ಸ್ ಟ್ರೋಫಿ ಫೈನಲ್, ಬರ್ಮಿಂಗ್‌ಹ್ಯಾಮ್. ಮಳೆಯಿಂದ 20 ಓವರ್‌ಗೆ ಇಳಿದ ಪಂದ್ಯ. ಇಂಗ್ಲೆಂಡಿಗೆ 18 ಎಸೆತಗಳಲ್ಲಿ 28 ರನ್ ಬೇಕು, ಮಾರ್ಗನ್ ಮತ್ತು ಬೊಪಾರ ಕ್ರೀಸಿನಲ್ಲಿ ನಿಂತಿದ್ದಾರೆ. ಅಂದು ಹೆಚ್ಚು ರನ್ ಕೊಟ್ಟಿದ್ದ ಇಶಾಂತ್ ಶರ್ಮಾಗೆ ಧೋನಿ 18ನೇ ಓವರ್ ಕೊಟ್ಟರು. ಸಿಕ್ಸರ್ ಬಿತ್ತು, ಎರಡು ವೈಡ್ ಹೋದವು. ನಮ್ಮ ಓಣಿಯಲ್ಲಿ ಟಿವಿ ನೋಡುತ್ತಿದ್ದವರೆಲ್ಲ ಧೋನಿಯನ್ನು ಬೈಯುತ್ತಿದ್ದರು. ಮುಂದಿನ ಎರಡು ಎಸೆತಗಳಲ್ಲಿ ಮಾರ್ಗನ್ ಹೋದರು, ಬೊಪಾರ ಹೋದರು. ಐದು ರನ್ ಅಂತರದಲ್ಲಿ ಗೆದ್ದೆವು.

ಇದನ್ನು ಅದೃಷ್ಟ ಎನ್ನುವವರು ಬಳ್ಳಾರಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಒಂದು ಪಂದ್ಯಕ್ಕೆ ನಾಯಕರಾಗಿ ನಿಂತು ನೋಡಬೇಕು. ಮಧ್ಯಾಹ್ನ ಎರಡು ಗಂಟೆಗೆ ಎಲ್ಲ ಬೌಲರುಗಳ ಮುಖ ಕಪ್ಪಿಟ್ಟಿರುತ್ತದೆ, ಯಾರೂ ಚೆಂಡು ಕೇಳುವುದಿಲ್ಲ, ಎಲ್ಲರೂ ನೆಲ ನೋಡುತ್ತಾರೆ. ಆ ಹೊತ್ತಿಗೆ ಯಾರ ಓವರ್ ಉಳಿಸಿಕೊಂಡಿದ್ದೀರಿ ಎನ್ನುವುದರ ಮೇಲೆ ಪಂದ್ಯ ನಿಲ್ಲುತ್ತದೆ. ಕೊನೆಯ ಎರಡು ಓವರ್ ಜಡೇಜ, ಅಶ್ವಿನ್ ಹಾಕಬೇಕು ಎಂದು ಧೋನಿ ಮೊದಲೇ ಲೆಕ್ಕ ಹಾಕಿದ್ದರು. ಹಾಗಾಗಿಯೇ ಇಶಾಂತ್ ಓವರನ್ನು 18ಕ್ಕೆ ಮುಗಿಸಿದರು.

ನೀಲಿ ಅಂಗಿ, ಸಿಂಧನೂರು

ಕೋಟೆಬೆಟ್ಟ ಅಣ್ಣಾ, ಒಂದು ದಿನದ ಪಂದ್ಯ, ಟ್ವೆಂಟಿ 20 ಎಂದರೆ ಧೋನಿಯನ್ನು ನಾನೂ ಒಪ್ಪುತ್ತೇನೆ. ಟೆಸ್ಟ್‌ಗೆ ಬನ್ನಿ.

2011ರ ಜುಲೈ, ವೆಸ್ಟ್ ಇಂಡೀಸ್‌ನ ಡೊಮಿನಿಕಾ. ಗೆಲ್ಲಲು 180 ಬೇಕಿತ್ತು, 3 ವಿಕೆಟಿಗೆ 94 ಆಗಿತ್ತು. ಇನ್ನು 15 ಓವರ್, 86 ರನ್, ಕೈಯಲ್ಲಿ ಏಳು ವಿಕೆಟ್. ಧೋನಿ ಕೈಕುಲುಕಿ ಪಂದ್ಯ ಮುಗಿಸಿದರು! ಸರಣಿಯಲ್ಲಿ 1-0 ಮುಂದಿದ್ದೆವು ಎಂಬ ಕಾರಣಕ್ಕೆ.

ಈಗ 2014ರ ಡಿಸೆಂಬರ್, ಅಡಿಲೇಡ್ ನೋಡಿ. ಗಾಯಗೊಂಡಿದ್ದ ಧೋನಿಯ ಬದಲು ಕೊಹ್ಲಿಗೆ ಟೆಸ್ಟ್ ನಾಯಕನಾಗಿ ಮೊದಲ ಪಂದ್ಯ. ಕೊನೆಯ ದಿನ 364 ಬೇಕು. ಆಸ್ಟ್ರೇಲಿಯಾದಲ್ಲಿ ಅಂಥ ಗುರಿ ಕಂಡರೆ ಡ್ರಾಗೆ ಆಡುವುದೇ ನಮ್ಮ ರೂಢಿಯಾಗಿತ್ತು. ಕೊಹ್ಲಿ ಬೆನ್ನಟ್ಟಲು ಹೇಳಿದರು. ಮೊದಲ ಇನ್ನಿಂಗ್ಸ್‌ನಲ್ಲಿ 115 ಹೊಡೆದಿದ್ದವರು ಎರಡನೆಯದರಲ್ಲಿ 141 ಹೊಡೆದರು. 48 ರನ್ನಿಂದ ಸೋತೆವು. ಆ ಸೋಲು ನನಗೆ ಡೊಮಿನಿಕಾದ ಡ್ರಾಗಿಂತ ನೂರು ಪಾಲು ಹೆಚ್ಚು. ಮುಂದೆ 2018-19ರಲ್ಲಿ ಅದೇ ಆಸ್ಟ್ರೇಲಿಯಾದಲ್ಲಿ ಮೊದಲ ಬಾರಿಗೆ ಸರಣಿ ಗೆದ್ದದ್ದು ಆ ದಿನದ ಧೈರ್ಯದಿಂದಲೇ. 68 ಟೆಸ್ಟ್‌ಗಳಲ್ಲಿ 40 ಗೆಲುವು. ಭಾರತದ ಯಾವ ನಾಯಕನೂ ಇದರ ಹತ್ತಿರ ಇಲ್ಲ.

ಕುಷ್ಟಗಿ ಓದುಗ

ತಮ್ಮಾ, ಧೈರ್ಯ ಬೇರೆ, ಹಠ ಬೇರೆ. 2021ರ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್, ಸೌತಾಂಪ್ಟನ್. ಹಿಂದಿನ ದಿನವೇ ಕೊಹ್ಲಿ ಇಬ್ಬರು ಸ್ಪಿನ್ನರುಗಳ ತಂಡ ಪ್ರಕಟಿಸಿದರು. ಮೊದಲ ದಿನ ಒಂದೂ ಎಸೆತವಿಲ್ಲದೆ ಮಳೆಗೆ ಹೋಯಿತು. ಟಾಸ್ ಇನ್ನೂ ಆಗಿರಲಿಲ್ಲ, ತಂಡ ಬದಲಿಸಬಹುದಿತ್ತು. ಬದಲಿಸಲಿಲ್ಲ. ವೇಗಿಗಳನ್ನೇ ನಂಬಿದ ನ್ಯೂಜಿಲೆಂಡ್ ಗೆದ್ದಿತು. ನಿರ್ಧಾರವೇ ಅಳತೆಗೋಲು ಎಂದರೆ ಇದನ್ನೂ ತಕ್ಕಡಿಯಲ್ಲಿ ಇಡಬೇಕು.

ಗಿರಣಿ ಹಿರಿಯ, ಗಂಗಾವತಿ

ಮಾಸ್ತರರು ವಾಡೇಕರ್ ಹೆಸರು ತೆಗೆದದ್ದು ಸಂತೋಷ. 1971ರ ಆಗಸ್ಟ್ 24, ಓವಲ್ ಟೆಸ್ಟಿನ ಕೊನೆಯ ದಿನ, ಗಣೇಶ ಚೌತಿ. ಗಿರಣಿಯ ಮಾಲೀಕರ ರೇಡಿಯೋ ಸುತ್ತ ಹಮಾಲರೂ ಗುಮಾಸ್ತರೂ ಒಟ್ಟಿಗೆ ಕೂತಿದ್ದೆವು. ಹಿಂದಿನ ದಿನ ನಮ್ಮ ಮೈಸೂರು ರಾಜ್ಯದ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ್ದರು. ಅದೇ ಟೆಸ್ಟಿನ ವೇಳೆ ಅಭಿಮಾನಿಗಳು ಮೃಗಾಲಯದಿಂದ ಬೆಲ್ಲಾ ಎಂಬ ಆನೆಯನ್ನು ಓವಲ್ ಮೈದಾನಕ್ಕೆ ಕರೆತಂದಿದ್ದರು ಎಂಬುದು ನಮಗೆ ಆಮೇಲೆ ಪತ್ರಿಕೆಯಲ್ಲಿ ಓದಿ ತಿಳಿಯಿತು. 173ರ ಗುರಿ. ಬೆಳಿಗ್ಗೆಯೇ ವಾಡೇಕರ್ ರನ್ ಔಟ್ ಆದರು. ಒಳಗೆ ಹೋಗಿ ಮಲಗಿಬಿಟ್ಟರು, ಗೆದ್ದ ಸುದ್ದಿ ಹೇಳಲು ಅವರನ್ನು ಎಬ್ಬಿಸಬೇಕಾಯಿತು ಎನ್ನುತ್ತಾರೆ. ಉಳಿದವರ ಮೇಲೆ ಅಷ್ಟು ಭರವಸೆ ಇದ್ದವರು.

ಆದರೂ ನನ್ನ ಆಯ್ಕೆ ವಾಡೇಕರ್ ಅಲ್ಲ, ಮನ್ಸೂರ್ ಅಲಿ ಖಾನ್ ಪಟೌಡಿ. 1961ರ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಹೋಯಿತು. ಮರುವರ್ಷ ಬಾರ್ಬಡೋಸ್‌ನಲ್ಲಿ ನಾಯಕ ನಾರಿ ಕಾಂಟ್ರಾಕ್ಟರ್ ತಲೆಗೆ ಚೆಂಡು ಬಿದ್ದು ಪ್ರಾಣಾಪಾಯದಲ್ಲಿದ್ದಾಗ, 21ನೇ ವಯಸ್ಸಿನಲ್ಲಿ ತಂಡದ ಹೊಣೆ ಹೊತ್ತರು. ಒಳ್ಳೆಯ ವೇಗಿಗಳಿಲ್ಲ ಎಂದು ಅಳುತ್ತ ಕೂರಲಿಲ್ಲ. ನಮ್ಮ ಬಲ ಸ್ಪಿನ್, ಅದನ್ನೇ ನಂಬಿ ಆಡೋಣ ಎಂದರು. 1967ರಲ್ಲಿ ಬರ್ಮಿಂಗ್‌ಹ್ಯಾಮ್ ಟೆಸ್ಟ್‌ನಲ್ಲಿ ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರನ್ನೂ ಒಟ್ಟಿಗೆ ಆಡಿಸಿದರು. ಅವರು ನಾಲ್ವರೂ ಒಟ್ಟಿಗೆ ಆಡಿದ ಟೆಸ್ಟ್ ಅದೊಂದೇ. ಸೋತೆವು. ಮರುವರ್ಷ ನ್ಯೂಜಿಲೆಂಡಿನಲ್ಲಿ 3-1 ಗೆದ್ದೆವು, ಹೊರದೇಶದಲ್ಲಿ ಭಾರತದ ಮೊದಲ ಸರಣಿ ಗೆಲುವು. 1971ರಲ್ಲಿ ಆಯ್ಕೆ ಸಮಿತಿ ಅಧ್ಯಕ್ಷ ವಿಜಯ್ ಮರ್ಚೆಂಟ್ ಅವರ ನಿರ್ಣಾಯಕ ಮತದಿಂದ ನಾಯಕತ್ವ ಪಟೌಡಿಯವರ ಕೈತಪ್ಪಿ ವಾಡೇಕರ್ ಪಾಲಾಯಿತು. ಎಡದಂಡೆ ಕಾಲುವೆ ತೋಡಿದವರು ಒಬ್ಬರು, ನೀರು ಹರಿದಾಗ ಭತ್ತ ನಾಟಿ ಮಾಡಿದವರು ಇನ್ನೊಬ್ಬರು. ನಾನು ತೋಡಿದವರ ಕಡೆ.

ನೀಲಿ ಅಂಗಿ, ಸಿಂಧನೂರು

ಹಿರಿಯರೇ, ಗೌರವದಿಂದಲೇ ಕೇಳುತ್ತೇನೆ. 40 ಟೆಸ್ಟ್‌ಗಳಲ್ಲಿ 9 ಗೆಲುವು, 19 ಸೋಲು. ಇದನ್ನು ಅತ್ಯುತ್ತಮ ಎನ್ನಬಹುದೇ?

ಗಿರಣಿ ಹಿರಿಯ, ಗಂಗಾವತಿ

ಅನ್ನಬಹುದು. ಕೊಹ್ಲಿಗೆ ಬುಮ್ರಾ, ಶಮಿ, ಇಶಾಂತ್, ಅಶ್ವಿನ್, ಜಡೇಜ ಇದ್ದರು. ಪಟೌಡಿ ತಂಡದಲ್ಲಿ ಹೊಸ ಚೆಂಡಿನ ಹೊಳಪು ತೆಗೆಯಲಷ್ಟೇ ಯಾರಾದರೂ ನಾಲ್ಕು ಓವರ್ ಹಾಕುತ್ತಿದ್ದರು. ಆ ತಂಡವನ್ನು ಕಟ್ಟಿಕೊಂಡು ಒಂಬತ್ತು ಗೆದ್ದರು.

ಮೂರನೇ ಸ್ಲಿಪ್, ಕೊಪ್ಪಳ

ಇಷ್ಟು ಜನ ಮಾತಾಡಿದರೂ ನಮ್ಮ ರಾಜ್ಯದ ದ್ರಾವಿಡ್ ಹೆಸರು ಬಂದಿಲ್ಲ. 2007ರ ವಿಶ್ವಕಪ್‌ನಲ್ಲಿ ಬಾಂಗ್ಲಾದೇಶಕ್ಕೆ, ಶ್ರೀಲಂಕಾಕ್ಕೆ ಸೋತು ಮೊದಲ ಸುತ್ತಿನಲ್ಲೇ ಹೊರಬಿದ್ದೆವು ಎಂಬ ಒಂದು ನೆನಪು ಉಳಿದೆಲ್ಲವನ್ನೂ ನುಂಗಿಹಾಕಿದೆ. ಇದು ಅನ್ಯಾಯ.

2006ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ಸರಣಿ ಗೆದ್ದರು, 1971ರ ನಂತರ ಅಲ್ಲಿ ಅದೇ ಮೊದಲು. ಕಿಂಗ್‌ಸ್ಟನ್‌ನ ಆ ಪಿಚ್ ಮೇಲೆ ಬೇರೆಯವರು ನಿಲ್ಲಲಾರದೆ ಒದ್ದಾಡಿದಾಗ ನಾಯಕರೇ 81 ಮತ್ತು 68 ಹೊಡೆದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 84ಕ್ಕೆ ಉರುಳಿಸಿ ಆ ದೇಶದಲ್ಲಿ ಮೊದಲ ಟೆಸ್ಟ್ ಗೆದ್ದರು. 2007ರಲ್ಲಿ ಇಂಗ್ಲೆಂಡಿನಲ್ಲಿ ಸರಣಿ ಗೆದ್ದರು, 1986ರ ನಂತರ ಅದೇ ಮೊದಲು.

ನಿರ್ಧಾರ ಕೇಳಿದಿರಲ್ಲ? 2004ರ ಮುಲ್ತಾನ್. ಗಂಗೂಲಿ ಗಾಯಗೊಂಡಿದ್ದರಿಂದ ದ್ರಾವಿಡ್ ನಾಯಕರಾಗಿದ್ದರು. ಸೆಹ್ವಾಗ್ 309 ಹೊಡೆದಿದ್ದರು. ಸಚಿನ್ 194ರಲ್ಲಿ ಆಡುತ್ತಿದ್ದಾಗ 5 ವಿಕೆಟಿಗೆ 675 ಎಂದು ಡಿಕ್ಲೇರ್ ಮಾಡಿದರು. ದೇಶಕ್ಕೆ ದೇಶವೇ ಸಿಟ್ಟಾಯಿತು. ಅಂದು ಸಂಜೆ ಪಾಕಿಸ್ತಾನಕ್ಕೆ ಬೌಲ್ ಮಾಡಲು ಸಮಯ ಬೇಕಿತ್ತು, ಅಷ್ಟೇ ಅವರ ಲೆಕ್ಕ. ಪಾಕಿಸ್ತಾನದ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಇನ್ನಿಂಗ್ಸ್ ಮತ್ತು 52 ರನ್ನಿನದು. ಸಚಿನ್‌ಗೆ ದ್ವಿಶತಕ ನಿರಾಕರಿಸುವ ಎದೆ ಭಾರತದಲ್ಲಿ ಯಾರಿಗಿತ್ತು?

ಕೋಟೆಬೆಟ್ಟ, ಬಳ್ಳಾರಿ

ಅಕ್ಕಾ, ಮುಲ್ತಾನ್ ವಿಷಯ ಒಪ್ಪಿದೆ. ಆದರೆ 2007ರ ಓವಲ್? ನಾವು 664, ಇಂಗ್ಲೆಂಡ್ 345. ಮುನ್ನಡೆ 319. ಫಾಲೋ ಆನ್ ಹೇರದೆ ಮತ್ತೆ ಬ್ಯಾಟ್ ಹಿಡಿದರು, ಪಂದ್ಯ ಡ್ರಾ ಆಯಿತು. ಡೊಮಿನಿಕಾದಲ್ಲಿ ಧೋನಿ ಮಾಡಿದ್ದು ಅಪರಾಧವಾದರೆ ಇದೂ ಅದೇ.

ಮೂರನೇ ಸ್ಲಿಪ್, ಕೊಪ್ಪಳ

ಅದೇ ಅಲ್ಲ. ಓವಲ್‌ನಲ್ಲಿ ಮೂವರು ವೇಗಿಗಳು ದಣಿದಿದ್ದರು, ಅದು ಸರಣಿಯ ಕೊನೆಯ ಪಂದ್ಯ. 21 ವರ್ಷ ಕಾದ ಸರಣಿಯನ್ನು ಪಣಕ್ಕಿಡಲು ಅವರು ಸಿದ್ಧರಿರಲಿಲ್ಲ. ಡೊಮಿನಿಕಾದಲ್ಲಿ ಉಳಿದದ್ದು ಒಂದು ತಾಸಿನ ಆಟ, ಏಳು ವಿಕೆಟ್ ಕೈಯಲ್ಲಿತ್ತು. ಎರಡರ ಅಪಾಯವೂ ಒಂದೇ ಅಲ್ಲ.

ಹಟ್ಟಿ ಎಡಗೈ

ಗಣಿಯ ರಾತ್ರಿ ಪಾಳಿ ಮುಗಿಸಿ ಬಂದು ಎಲ್ಲವನ್ನೂ ಓದಿದೆ. ಬೌಲರ್ ಆಗಿ ಒಂದು ಮಾತು. ಮಾಸ್ತರರು ನಿರ್ಧಾರವೆಂದರೆ ನಾಯಕನೊಬ್ಬನದು ಎಂದು ಹಿಡಿದಿದ್ದಾರೆ. ನನ್ನ ಅನುಭವ ಹಾಗಿಲ್ಲ.

2008ರ ಪರ್ತ್ ಟೆಸ್ಟ್. ಹಿಂದಿನ ಸಿಡ್ನಿ ಟೆಸ್ಟ್‌ನಲ್ಲಿ ಅಂಪೈರಿಂಗ್‌ನಿಂದ, ಜಗಳದಿಂದ, ಹರ್ಭಜನ್ ಮೇಲಿನ ಆರೋಪದಿಂದ ತಂಡ ಕುದಿಯುತ್ತಿತ್ತು. ಒಂದೇ ತಂಡ ಆಟದ ಧರ್ಮಕ್ಕೆ ತಕ್ಕಂತೆ ಆಡಿತು ಎಂದು ನಾಯಕ ಕುಂಬ್ಳೆ ಪತ್ರಕರ್ತರ ಮುಂದೆ ಹೇಳಿದರು, ಅಲ್ಲಿಗೆ ಮಾತು ನಿಲ್ಲಿಸಿ ಆಟಕ್ಕೆ ಮರಳಿದರು. ಪರ್ತ್‌ನಲ್ಲಿ ಹತ್ತೊಂಬತ್ತರ ಹುಡುಗ ಇಶಾಂತ್ ಪಾಂಟಿಂಗ್‌ಗೆ ಉದ್ದನೆಯ ಸ್ಪೆಲ್ ಹಾಕಿ ದಣಿದಿದ್ದ. ಕುಂಬ್ಳೆ ಚೆಂಡನ್ನು ಬೇರೆಯವರಿಗೆ ಕೊಡುವವರಿದ್ದರು. ಇವನು ದೆಹಲಿಯಲ್ಲಿ ದಿನವಿಡೀ ಬೌಲ್ ಮಾಡುತ್ತಾನೆ, ಇನ್ನೊಂದು ಓವರ್ ಕೊಡಿ ಎಂದು ಸೆಹ್ವಾಗ್ ಹೇಳಿದರು. ಕುಂಬ್ಳೆ ಕೊಟ್ಟರು. ಪಾಂಟಿಂಗ್ ಬ್ಯಾಟಿನ ಅಂಚು, ಸ್ಲಿಪ್‌ನಲ್ಲಿ ದ್ರಾವಿಡ್ ಕೈ. 72 ರನ್ನಿನ ಗೆಲುವು, ಆಸ್ಟ್ರೇಲಿಯಾದ ಸತತ 16 ಗೆಲುವಿನ ಓಟಕ್ಕೆ ತಡೆ.

1983ರ ವಿಶ್ವಕಪ್ ಫೈನಲ್ ಕೂಡ ಹೀಗೆಯೇ. ರಿಚರ್ಡ್ಸ್ ಕೈಯಲ್ಲಿ ಏಟು ತಿಂದ ಮದನ್ ಲಾಲ್ ಇನ್ನೊಂದು ಓವರ್ ಕೇಳಿ ಪಡೆದರು. ಕಪಿಲ್ ಮನಸ್ಸಿಲ್ಲದಿದ್ದರೂ ಕೊಟ್ಟರು, ಆಮೇಲೆ ತಾವೇ ಹಿಂದಕ್ಕೆ ಓಡಿ ರಿಚರ್ಡ್ಸ್ ಕ್ಯಾಚ್ ಹಿಡಿದರು. 183 ಹೊಡೆದು ವೆಸ್ಟ್ ಇಂಡೀಸನ್ನು 140ಕ್ಕೆ ಕಟ್ಟಿಹಾಕಿದ್ದು ಹಾಗೆ.

ಬೌಲರ್ ಬಂದು ಕೇಳಿದಾಗ ಅವನ ಕಣ್ಣು ನೋಡಿ ಕೊಡುವುದು, ಬೇಡ ಎನ್ನುವುದು, ಇದೇ ನಾಯಕತ್ವ. ಸ್ವತಃ ಬೌಲರುಗಳಾಗಿದ್ದ ಕಪಿಲ್, ಕುಂಬ್ಳೆಗೆ ಇದು ಬೇಗ ತಿಳಿಯಿತು ಎಂದು ನನ್ನ ನಂಬಿಕೆ. ಕುಂಬ್ಳೆಗೆ 14 ಟೆಸ್ಟ್ ಮಾತ್ರ ಸಿಕ್ಕಿತು, ಅದೂ 37 ದಾಟಿದ ಮೇಲೆ. ಐದು ವರ್ಷ ಮೊದಲು ಸಿಗಬೇಕಿತ್ತು.

ಕುಷ್ಟಗಿ ಓದುಗ

ಕರ್ನಾಟಕದ ಇನ್ನೊಬ್ಬರನ್ನು ಮರೆಯಬೇಡಿ. ಗುಂಡಪ್ಪ ವಿಶ್ವನಾಥ್, 1980ರ ಮುಂಬಯಿ ಸುವರ್ಣ ಮಹೋತ್ಸವ ಟೆಸ್ಟ್. ಇಂಗ್ಲೆಂಡ್ 58ಕ್ಕೆ 5. ಬಾಬ್ ಟೇಲರ್ ಔಟ್ ಎಂದು ಅಂಪೈರ್ ಬೆರಳೆತ್ತಿದರು. ಸ್ಲಿಪ್‌ನಲ್ಲಿದ್ದ ವಿಶ್ವನಾಥ್‌ಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಎಂದು ಖಚಿತವಿತ್ತು. ಟೇಲರ್ ಅವರನ್ನು ವಾಪಸ್ ಕರೆದರು. ಟೇಲರ್ ಮತ್ತು ಬೋಥಮ್ 171 ರನ್ ಸೇರಿಸಿದರು, ಭಾರತ ಹತ್ತು ವಿಕೆಟ್‌ನಿಂದ ಸೋತಿತು. ವಿಶ್ವನಾಥ್ ನಾಯಕರಾಗಿದ್ದದ್ದು ಎರಡೇ ಟೆಸ್ಟ್.

ಮಾಸ್ತರರೇ, ಬೇರೆ ನಾಯಕನಾಗಿದ್ದರೆ ತೆಗೆದುಕೊಳ್ಳುತ್ತಿರಲಿಲ್ಲ ಎನ್ನಬಹುದಾದ ನಿರ್ಧಾರ ಎಂದು ನೀವೇ ಬರೆದಿದ್ದೀರಿ. ಇದಕ್ಕಿಂತ ಬೇಕೇ?

ಅಂಪೈರ್ ಮಾಸ್ತರ, ರಾಯಚೂರು

ಅಂಪೈರ್ ಆಗಿ ಹೇಳುತ್ತೇನೆ, ವಿಶ್ವನಾಥ್ ಮಾಡಿದ್ದನ್ನು ಕಂಡರೆ ನನಗೆ ಕೈಮುಗಿಯಬೇಕು ಎನಿಸುತ್ತದೆ. ಆದರೆ ಅದು ಮನುಷ್ಯನ ದೊಡ್ಡತನ. ನಾಯಕನ ಲೆಕ್ಕದಲ್ಲಿ ತಂಡದ ಇತರ ಹತ್ತು ಜನರ ದುಡಿಮೆಯೂ ಸೇರುತ್ತದೆ. ಗೌರವದಲ್ಲಿ ಅವರು ಮೊದಲು, ಈ ಪಟ್ಟಿಯಲ್ಲಿ ಅಲ್ಲ.

ಹಟ್ಟಿಯವರ ಮಾತು ಗಟ್ಟಿಯಾಗಿದೆ. ಕೇಳಿಸಿಕೊಂಡು ಕೊಡುವುದೂ ನಿರ್ಧಾರವೇ. ಏಕೆಂದರೆ ಓವರ್ ಕೆಟ್ಟರೆ ಬೈಗುಳ ತಿನ್ನುವವನು ಕೇಳಿದವನಲ್ಲ, ಕೊಟ್ಟವನು.

ಒಂದು ಆಶ್ಚರ್ಯ. ಇಷ್ಟು ಹೊತ್ತಾದರೂ ಗಂಗೂಲಿಯ ಪರ ಯಾರೂ ನಿಂತಿಲ್ಲ. 2002ರಲ್ಲಿ ಇಂಗ್ಲೆಂಡಿನ ಹೆಡಿಂಗ್ಲೆ, ಮೋಡ ಕವಿದ ಬೆಳಗು, ಹಸಿರು ಪಿಚ್. ಟಾಸ್ ಗೆದ್ದು ಬ್ಯಾಟಿಂಗ್! ಕುಂಬ್ಳೆ, ಹರ್ಭಜನ್ ಇಬ್ಬರು ಸ್ಪಿನ್ನರುಗಳೂ ತಂಡದಲ್ಲಿ! ದ್ರಾವಿಡ್ 148, ಸಚಿನ್ 193, ಗಂಗೂಲಿ 128. ಇನ್ನಿಂಗ್ಸ್ ಮತ್ತು 46 ರನ್ನಿನ ಗೆಲುವು. ಮಧ್ಯಮ ಕ್ರಮಾಂಕದ ಸೆಹ್ವಾಗ್ ಅವರನ್ನು ಆರಂಭಿಕನನ್ನಾಗಿ ಮಾಡಿದ್ದೂ ಅದೇ ಪ್ರವಾಸದಲ್ಲಿ ಲಾರ್ಡ್ಸ್ ಮತ್ತು ನಾಟಿಂಗ್‌ಹ್ಯಾಮ್‌ನಲ್ಲಿ ಫಲ ಕೊಟ್ಟಿತು. ನನ್ನ ಪಟ್ಟಿಯಲ್ಲಿ ವಾಡೇಕರ್ ನಂತರ ಅವರೇ. 2003ರ ವಿಶ್ವಕಪ್ ಫೈನಲ್‌ನಲ್ಲಿ ಟಾಸ್ ಗೆದ್ದು ಬೌಲಿಂಗ್ ಆರಿಸಿ 359 ರನ್ ತಿಂದದ್ದು ಇಲ್ಲದಿದ್ದರೆ ಮೇಲಕ್ಕೆ ಏರಿಸುತ್ತಿದ್ದೆನೋ ಏನೋ.

ಮೂರನೇ ಸ್ಲಿಪ್, ಕೊಪ್ಪಳ

ನಾಯಕ, ನಾಯಕ ಎನ್ನುತ್ತಿದ್ದೀರಿ, ನಾಯಕಿಯರ ಹೆಸರೇ ಇಲ್ಲ. ಭಾರತದ ಮಹಿಳಾ ತಂಡ 1976ರಲ್ಲಿ ಮೊದಲ ಟೆಸ್ಟ್ ಆಡಿದಾಗ ನಾಯಕಿ ಕರ್ನಾಟಕದ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಾಟ್ನಾದಲ್ಲಿ ಮೊದಲ ಗೆಲುವು ತಂದವರೂ ಅವರೇ. ಮಹಿಳಾ ತಂಡಕ್ಕೆ ಮೊದಲ ಟೆಸ್ಟ್ ಶತಕ ತಂದವರೂ ಅವರೇ.

ಮಾಸ್ತರರಿಗೆ ದುರಾನಿಯ ಕಥೆ ಇಷ್ಟವಾದರೆ 2025ರ ನವೆಂಬರ್ 2ನ್ನು ನೋಡಲಿ. ನವಿ ಮುಂಬಯಿ, ವಿಶ್ವಕಪ್ ಫೈನಲ್. ಭಾರತ 298. ದಕ್ಷಿಣ ಆಫ್ರಿಕಾದ ವೋಲ್ವಾರ್ಟ್ ಮತ್ತು ಲುಸ್ ನಿಂತು ಆಡುತ್ತಿದ್ದರು. ಹರ್ಮನ್‌ಪ್ರೀತ್ ಚೆಂಡನ್ನು ಶೆಫಾಲಿ ವರ್ಮಾಗೆ ಕೊಟ್ಟರು! ಗಾಯಗೊಂಡ ಪ್ರತಿಕಾ ರಾವಲ್ ಬದಲು ಸೆಮಿಫೈನಲ್‌ಗೆ ಬಂದು ಸೇರಿದ್ದ ಆರಂಭಿಕ ಆಟಗಾರ್ತಿ, ಬೌಲಿಂಗ್ ಅಪರೂಪ. ಬಂದವಳೇ ಲುಸ್ ಅವರನ್ನು ತಾನೇ ಕ್ಯಾಚ್ ಹಿಡಿದು ಕಳಿಸಿದಳು, ಮುಂದಿನ ಓವರಿನಲ್ಲಿ ಕಾಪ್ ಅವರನ್ನು. ಆಮೇಲೆ ದೀಪ್ತಿ ಶರ್ಮಾ ಐದು ವಿಕೆಟ್ ಕಿತ್ತು ಮುಗಿಸಿದರು. 52 ರನ್ನಿನ ಗೆಲುವು, ಮಹಿಳಾ ತಂಡದ ಮೊದಲ ವಿಶ್ವಕಪ್. ಮನಸ್ಸಿಗೆ ಹೊಳೆದದ್ದನ್ನು ನಂಬಿ ಚೆಂಡು ಕೊಟ್ಟೆ ಎಂಬರ್ಥದಲ್ಲಿ ಹರ್ಮನ್‌ಪ್ರೀತ್ ಆಮೇಲೆ ಹೇಳಿದರು. ದುರಾನಿ ಅನುಭವಿ ಬೌಲರ್ ಆಗಿದ್ದರು, ಶೆಫಾಲಿ ಅಲ್ಲ. ಅದೂ ವಿಶ್ವಕಪ್ ಫೈನಲ್. ಯಾರ ನಿರ್ಧಾರ ದೊಡ್ಡದು, ಮಾಸ್ತರರೇ ಹೇಳಲಿ.

ಅಂಪೈರ್ ಮಾಸ್ತರ, ರಾಯಚೂರು

ಒಂದು ಓವರಿನ ಧೈರ್ಯಕ್ಕೆ ಹರ್ಮನ್‌ಪ್ರೀತ್ ಅವರದೇ ದೊಡ್ಡದು, ಇದರಲ್ಲಿ ಎರಡು ಮಾತಿಲ್ಲ. ಒಂದೇ ವರ್ಷದಲ್ಲಿ ವೆಸ್ಟ್ ಇಂಡೀಸ್, ಇಂಗ್ಲೆಂಡ್ ಎರಡನ್ನೂ ಅವರವರ ನೆಲದಲ್ಲೇ ಮಣಿಸಿದ್ದಕ್ಕೆ ವಾಡೇಕರ್ ಅವರನ್ನು ಮೇಲಿಡುತ್ತೇನೆ. ಧೋನಿಯ ಪರ ಇರುವವರು ಹೊರದೇಶದ ಟೆಸ್ಟಿನಿಂದ ಒಂದು ನಿರ್ಧಾರ ತಂದು ತೋರಿಸಿದರೆ ಮುಂದೆ ಮಾತಾಡೋಣ.

ಕೋಟೆಬೆಟ್ಟ, ಬಳ್ಳಾರಿ

ತಂದಿದ್ದೇನೆ. 2014ರ ಲಾರ್ಡ್ಸ್, ಕೊನೆಯ ದಿನ. ಇಂಗ್ಲೆಂಡಿನ ರೂಟ್ ಮತ್ತು ಮೊಯೀನ್ ಅಲಿ ಊಟದ ವಿರಾಮದ ತನಕ ನಿಂತಿದ್ದರು. ಶಾರ್ಟ್ ಬಾಲ್ ಹಾಕು ಎಂದು ಧೋನಿ ಇಶಾಂತ್‌ಗೆ ಹೇಳಿದರು. ಇಶಾಂತ್‌ಗೆ ಮೊದಲು ಇಷ್ಟವಿರಲಿಲ್ಲ. ಲೆಗ್ ಕಡೆ ಫೀಲ್ಡರುಗಳನ್ನು ತಾವೇ ನಿಲ್ಲಿಸಿ ಹಾಕಿಸಿದರು. ವಿರಾಮಕ್ಕೆ ಮುಂಚಿನ ಕೊನೆಯ ಎಸೆತದಲ್ಲಿ ಮೊಯೀನ್ ಹೋದರು. ಆಮೇಲೆ ಒಬ್ಬೊಬ್ಬರಾಗಿ ಅದೇ ಬಲೆಗೆ ಬಿದ್ದರು. ಇಶಾಂತ್ 74ಕ್ಕೆ 7, ಗೆಲುವು 95 ರನ್ನಿನದು. ಇಲ್ಲಿ ಬೌಲರ್ ಕೇಳಲಿಲ್ಲ, ನಾಯಕರೇ ಹೇಳಿ ಮಾಡಿಸಿದರು. ಹಟ್ಟಿಯ ಅಣ್ಣನೂ ಇದಕ್ಕೆ ಉತ್ತರ ಕೊಡಬೇಕು.